ಬಿಸಿಲಿಗೆ ಕೂತ ಚಿಗವ್ವ

ಆಸ್ಪತ್ರೆಗೆ ಹೊರಟ ದಿನ ಚಿಗವ್ವ ನನಗೆ ಏನೇನು ಹೇಳಿದಳು ಎಂಬುದನ್ನು ಪ್ರಮಾಣ ಮಾಡಿ ಹೇಳಲಾರೆ. ನೆನಪು ತನಗೆ ಬೇಕಾದ ಸಾಕ್ಷಿಗಳನ್ನಷ್ಟೇ ಕರೆಯುತ್ತದೆ. ಅವಳ ಕಂದು ಸ್ವೆಟರ್ ಮಾತ್ರ ನಿಜ. ಹರಪನಹಳ್ಳಿ ತಾಲೂಕಿನ ನಮ್ಮ ಅರಸೀಕೆರೆಯಲ್ಲಿ ನಾಯಿಗಳೂ ನೆರಳು ಹುಡುಕುವ ಏಪ್ರಿಲ್‌ನಲ್ಲಿ ಅದನ್ನು ತೊಟ್ಟು, ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.

"ಏನಬೇ ಗೌರಮ್ಮ, ಹಪ್ಪಳದ ಜೊತಿ ನೀನೂ ಒಣಗಾಕ ಕುಂತೀಯೇನು?" ಎಂದು ಓಣಿಯವರು ಕೆಣಕಿದರೆ, "ಎಣ್ಣಿಗೆ ಬಿಡೋರು ಬರ್ಲಿ ಅಂತ ಕಾಯಾಕತ್ತೀನಿ ನೋಡು" ಅನ್ನುತ್ತಿದ್ದಳು.

ಅವಳು ನನ್ನ ತಾಯಿಯ ತಂಗಿ. ಮಗಳು ಶಿವಲೀಲಾ ಹುಟ್ಟಿದಾಗ ವಿಪರೀತ ರಕ್ತ ಹೋಗಿ, ಬದುಕಿ ಉಳಿದದ್ದೇ ಹೆಚ್ಚು. ಎದೆಯಲ್ಲಿ ಹನಿ ಹಾಲೂ ಬರಲಿಲ್ಲ. ಎರಡು ತಿಂಗಳು ಮೊದಲು ಹುಟ್ಟಿದ್ದ ನನ್ನ ಜೊತೆ ಶಿವಲೀಲಾಳಿಗೂ ನಮ್ಮವ್ವನೇ ಹಾಲೂಡಿಸಿದಳು. "ನನ್ನ ಮಗಳು ನಿನ್ನ ಹಾಲಿನಾಗ ಪಾಲು ತಗೊಂಡಾಳಪ್ಪ" ಎಂದು ಚಿಗವ್ವ ನನ್ನ ತಟ್ಟೆಗೆ ಯಾವಾಗಲೂ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕುತ್ತಿದ್ದಳು. ಆ ಹೆರಿಗೆಯ ನಂತರ ಅವಳು ಮತ್ತೆ ಮುಟ್ಟಾಗಲಿಲ್ಲ. ಹುಬ್ಬು ಉದುರಿದವು. ಒಂದು ಕೊಡ ನೀರು ತಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಊರು ಅದನ್ನು ಸೋಮಾರಿತನ ಎಂದಿತು. ನಾನೂ ಹಾಗೇ ತಿಳಿದಿದ್ದೆ.

ನಮ್ಮ ಮನೆತನದಲ್ಲಿ ಯಾರು ಆಸ್ಪತ್ರೆಗೆ ಹೋದರೂ ನಾನು ಚೀಟಿ ಬರೆದುಕೊಡಬೇಕು. ಎಂ.ಎಸ್ಸಿ. ಓದಿದವನು ನಾನೊಬ್ಬನೇ. ಡಾಕ್ಟರ ಮುಂದೆ ಬಾಯಿ ಕಟ್ಟುವುದರಿಂದ ಮನೆಯವರು ಆ ಚೀಟಿಯನ್ನೇ ಹಿಡಿಯುತ್ತಿದ್ದರು. ಚಿಗವ್ವನಿಗೂ ಬರೆದೆ: ಸುಸ್ತು, ಚಳಿ, ಮುಖ ಊತ. ಹರಪನಹಳ್ಳಿಯ ಡಾಕ್ಟರು ಅದನ್ನೋದಿ ಥೈರಾಯಿಡ್ ಪರೀಕ್ಷೆ ಮಾಡಿಸಿ, ಕಡಿಮೆ ಇದೆಯೆಂದು ಗುಳಿಗೆ ಕೊಟ್ಟರು. ಹದಿನೈದು ದಿನಕ್ಕೆ ವಾಂತಿ ಶುರುವಾಗಿ ಹಾಸಿಗೆ ಹಿಡಿದಳು.

"ಈ ಗುಳಿಗಿ ನನಗ ಬ್ಯಾಡೋ ತಮ್ಮಾ."

"ಮೈಗೆ ಹತ್ತಾಕ ಟೈಮ್ ಬೇಕು. ಸುಮ್ನ ನುಂಗು ಚಿಗವ್ವ" ಎಂದು ಗದರಿದೆ. ಇದು ಚೆನ್ನಾಗಿ ನೆನಪಿದೆ.

ಕೊನೆಗೆ ದಾವಣಗೆರೆಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರಮ್ಮ ಚೀಟಿ ಕೇಳಲೇ ಇಲ್ಲ. "ಹೆರಿಗೆ ಆದ್ಮೇಲೆ ಹಾಲು ಬಂತೇನಮ್ಮ?" ಎಂದರು. ಚಿಗವ್ವ ಇಲ್ಲವೆಂದು ತಲೆಯಾಡಿಸಿದಳು. ಎದೆಹಾಲು ಬರಲು ಬೇಕಾದ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಆ ಹೆರಿಗೆಯಲ್ಲೇ ರಕ್ತ ಸಾಲದೆ ಸತ್ತಿರಬೇಕು. ಅದರ ಅಪ್ಪಣೆಯಿಲ್ಲದೆ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಹಾರ್ಮೋನು ಮಾಡುವುದಿಲ್ಲ. ಮೊದಲು ಅದನ್ನು ತುಂಬದೆ ಥೈರಾಯಿಡ್ ಗುಳಿಗೆ ಕೊಟ್ಟರೆ ಜೀವಕ್ಕೇ ಅಪಾಯ ಎಂದು ನನಗೆ ತಿಳಿಸಿದರು. ಹಾರ್ಮೋನು ಪರೀಕ್ಷೆಗೆ ರಕ್ತ ತೆಗೆಸಿ, ವರದಿಗೆ ಕಾಯದೆ ಇಂಜೆಕ್ಷನ್ ಕೊಟ್ಟರು.

ಸೂಜಿ ಚುಚ್ಚುವಾಗ ಚಿಗವ್ವ ನನ್ನತ್ತ ತಿರುಗಿದಳು. "ಸೋಮಾರಿ ಅಂತಿದ್ರಲ್ಲೋ ಎಲ್ಲಾರೂ. ರಕ್ತ ಏನು ಹೇಳ್ತೈತಿ ಕೇಳ್ರಿ ಈಗ."

ಅವಳು ಮರುದಿನ ತೀರಿಹೋದಳು. ಅದರ ಮರುದಿನ ವರದಿ ಬಂತು. ಕಾರ್ಟಿಸಾಲ್ ಇಲ್ಲವೆನ್ನುವಷ್ಟು ಕಡಿಮೆ.

ಹರಪನಹಳ್ಳಿಗೆ ಹೊರಟ ದಿನ ಅವಳು ಹಾಲಿನ ಮಾತೆತ್ತಲಿಲ್ಲ ಎಂದೇ ನಾನು ಎಲ್ಲರಿಗೂ ಹೇಳುತ್ತ ಬಂದೆ. ಎತ್ತಿದ್ದರೆ ಬರೆಯುತ್ತಿದ್ದೆನಲ್ಲ? ಕಳೆದ ತಿಂಗಳು ಶಿವಲೀಲಾಳ ಮನೆಗೆ ಹೋಗಿ ಚಿಗವ್ವನ ಫೈಲು ತೆಗೆಸಿದೆ. ಚೀಟಿ ಅದರಲ್ಲೇ ಇತ್ತು. ಅಕ್ಷರ ನನ್ನವೇ. ನಾಲ್ಕನೆಯ ಸಾಲು: "ಹೆರಿಗೆ ನಂತರ ಹಾಲು ಬಂದಿಲ್ಲ." ಅದರ ಮೇಲೆ, ಅದೇ ನೀಲಿ ಶಾಯಿಯಲ್ಲಿ, ಅಡ್ಡಕ್ಕೆ ಎರಡು ಗೆರೆ.