ಫಕ್ರುದ್ದೀನ ಪೇದೆ ಹಿಡಿಯದ ಕಳ್ಳಿ

ಮುಂಡಗೋಡದ ಪೊಲೀಸ್ ಪೇದೆ ಫಕ್ರುದ್ದೀನನಿಗೆ ಪತ್ತೇದಾರಿ ಸಿನಿಮಾದ ಹುಚ್ಚು. ಊರಲ್ಲಿ ಕಳೆಯುತ್ತಿದ್ದದ್ದು ಸೈಕಲ್ಲು, ಎಮ್ಮೆ ಅಷ್ಟೇ. ಕೊಲೆಗಾರರನ್ನು ಅಟ್ಟಿಸಿಕೊಂಡು ಹೋಗುವ ಆಸೆಯನ್ನು ಆತ ಟೂರಿಂಗ್ ಟಾಕೀಸಿನ ಟೆಂಟಿನಲ್ಲೇ ತೀರಿಸಿಕೊಳ್ಳಬೇಕಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಹೆಂಡತಿ ಗುಲ್ಶನಳನ್ನೂ ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಆ ಸಿನಿಮಾದ ಇನ್ಸ್‌ಪೆಕ್ಟರು, ತನ್ನನ್ನು ಸಾಕಿ ಬೆಳೆಸಿದ ಅಕ್ಕನಿಗೇ ಬೇಡಿ ಹಾಕಿದ. ಆಕೆ ಮಾಡಿದ್ದ ತಪ್ಪೆಂದರೆ ಒಬ್ಬ ಬಡ ಕಳ್ಳನನ್ನು ಮನೆಯಲ್ಲಿ ಅಡಗಿಸಿಟ್ಟದ್ದು. ಫಕ್ರುದ್ದೀನ ಎದ್ದು ನಿಂತು ಚಪ್ಪಾಳೆ ಹೊಡೆದ.

ದಾರಿಯಲ್ಲಿ ಗುಲ್ಶನ ಸಿಡುಕಿದಳು. "ಅನ್ನ ಹಾಕಿದಾಕಿಗೆ ಬೇಡಿ ಹಾಕಿದ. ಅವನೆಂಥಾ ಹೀರೋರೀ?"

"ಕಾಯ್ದೆ ಅಂದ್ರ ಕಾಯ್ದೆ."

"ನಾ ಆಗಿದ್ರ ನನಗೂ ಹಾಕ್ತಿದ್ರೇನು?"

"ನೀನಾದ್ರೂ ಅಷ್ಟ!" ಎಂದು ಮೀಸೆ ತಿರುವಿದ.

ಆ ವಾರವೇ ಮಾಂಸದಂಗಡಿಯ ರಾಜೇಸಾಬ ಠಾಣೆಗೆ ಬಂದ. ಕೂಲಿ ಮಾಡುವ ಜುಜೆಯಿಂದ ಆತ ಒಂದು ಆಡು ಕೊಂಡಿದ್ದ. ಒಯ್ಯಲು ಹೋದರೆ ಆಡೇ ಮಾಯವಾಗಿತ್ತು. ಆಡನ್ನೂ ಕಳ್ಳನನ್ನೂ ಹಿಡಿದುಕೊಂಡು ಬಾ ಎಂದು ಠಾಣೆಯ ದೊಡ್ಡ ಸಾಹೇಬರಾದ ಫೌಜದಾರರು ಫಕ್ರುದ್ದೀನನನ್ನು ಕಳಿಸಿದರು. ಊರೆಲ್ಲ ಸುತ್ತಿ, ನೀರು ಕುಡಿಯಲೆಂದು ಮನೆಗೆ ಬಂದರೆ ಹಿತ್ತಲಿನಿಂದ "ಮ್ಯಾ" ಎಂದಿತು.

ಗುಲ್ಶನ ಸೆರಗು ಬಿಗಿದು ಬಾಗಿಲಿಗೆ ಅಡ್ಡ ನಿಂತಳು. "ಜುಜೆ ಹೇಳದ ಕೇಳದ ಆಡು ಮಾರಿ ವಾಚ್ ತಗೊಂಡಾನ್ರಿ. ಇದು ಅವನ ಹೇಣ್ತಿ ಫಿಲೋಮಿನಾಂದು, ತವರುಮನಿಯವರು ಕೊಟ್ಟದ್ದು. ಅತ್ಕೋತ ತಂದು ಬಿಟ್ಟಾಳ. ಕಾಯ್ತೇನಂತ ಮಾತು ಕೊಟ್ಟೇನಿ. ಹಾಕ್ರಿ ಬೇಡಿ!" ಎಂದು ಎರಡೂ ಕೈ ಚಾಚಿದಳು.

ಬಳೆ ತುಂಬಿದ ಆ ಕೈಗಳನ್ನು ನೋಡಿ ಫಕ್ರುದ್ದೀನ ಟೊಪ್ಪಿಗೆ ತೆಗೆದು ಮೆಟ್ಟಿಲ ಮೇಲೆ ಕುಳಿತ. ಆಡು ಸಿಗಲಿಲ್ಲ ಎಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಸುಳ್ಳು ಹೇಳಿ ಆ ಖಾಕಿ ತೊಡುವುದು ಹೇಗೆ? ಕೊನೆಗೆ ಎದ್ದು ಠಾಣೆಗೆ ನಡೆದ.

"ಸಾಹೇಬ್ರ, ಆಡು ನಮ್ಮ ಹಿತ್ತಲದಾಗ ಐತ್ರಿ. ಮುಚ್ಚಿಟ್ಟಾಕಿ ನನ್ನ ಹೇಣ್ತಿ. ಸುಳ್ಳು ಹೇಳಾಕ ಆಗಂಗಿಲ್ರಿ, ಆಕೀನ ಹಿಡಕೊಂಡು ಬರಾಕೂ ಆಗಂಗಿಲ್ರಿ."

ಫೌಜದಾರರು ಮೇಜು ಗುದ್ದಿ ಬೈದರು. ಆಮೇಲೆ ಎಲ್ಲರನ್ನೂ ಕರೆಸಿದರು. ಫಿಲೋಮಿನಾ ಹೇಳಿದ್ದನ್ನು ಕೇಳಿ ರಾಜೇಸಾಬನ ಮುಖ ಸಣ್ಣದಾಯಿತು. "ನಿನ್ನ ಆಡು ಅಂತ ಗೊತ್ತಿದ್ರ ನಾ ಮುಟ್ಟತಿರಲಿಲ್ಲವ್ವಾ ತಂಗಿ," ಎಂದವನೇ, ಕೊಟ್ಟ ದುಡ್ಡಿಗೆ ಬದಲಾಗಿ ಜುಜೆಯ ಮುಂಗೈಯಿಂದ ಹೊಸ ವಾಚು ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡ. ದೂರು ಅಲ್ಲಿಗೇ ಮುಗಿಯಿತು. ಜುಜೆ ತಲೆ ಕೆರೆದುಕೊಂಡು ನಕ್ಕ. ಫಿಲೋಮಿನಾ ಮಾತ್ರ ನಗಲಿಲ್ಲ.

ಹುಕುಂ ಮೀರಿದ್ದಕ್ಕೆ ಫಕ್ರುದ್ದೀನನಿಗೆ ಠಾಣೆಯ ಬಾಗಿಲಲ್ಲಿ ಒಂದು ವಾರ ಬಿಸಿಲಲ್ಲಿ ನಿಂತು ಪಹರೆ ಕಾಯುವ ಶಿಕ್ಷೆ ಬಿತ್ತು. ಮಧ್ಯಾಹ್ನ ಗುಲ್ಶನ ಬಿಸಿ ರೊಟ್ಟಿ, ಮೀನಿನ ಸಾರು ಹೊತ್ತು ತಂದಳು. ವಾಸನೆಗೆ ಫೌಜದಾರರು ಹೊರಗೆ ಬಂದು ಡಬ್ಬಿಯೊಳಗೆ ಇಣುಕಿದರು.

"ತಂಗೀ, ನಾಳೆ ಸಾರು ಒಂದೀಟು ಹೆಚ್ಚು ಮಾಡವಾ," ಎಂದರು.