ಹೆಸರು ಬರೆಯಬಾರದ ಫಾರ್ಮು

ನಮ್ಮ ಕಡೆಯ ಸಹಕಾರಿ ಬ್ಯಾಂಕೊಂದು ಬಾಗಿಲು ಹಾಕಿದ ವರ್ಷ, ಮುಳುಗುವ ಬ್ಯಾಂಕನ್ನು ಸರ್ಕಾರ ಉಳಿಸಬೇಕೇ ಬೇಡವೇ ಎಂದು ಜನರನ್ನು ಕೇಳಿ ಬರೆದುಕೊಳ್ಳುವ ಕೆಲಸ ನನಗೆ ಸಿಕ್ಕಿತ್ತು. ಮುಂಡಗೋಡಿನ ನಮ್ಮ ಓಣಿಯಲ್ಲಿ ಬಿ.ಎ. ಮಾಡಿದ ಹೆಂಗಸು ನಾನೊಬ್ಬಳೇ, ಅಕ್ಷರವೂ ದುಂಡಗೆ. ಫಾರ್ಮಿನ ಮೇಲೆ ಯಾರ ಹೆಸರೂ ಬರೆಯಬಾರದು ಎಂಬುದು ನಿಯಮ.

ಪಕ್ಕದ ಹಳ್ಳಿ ಇಂದೂರಿನ ಗಂಗವ್ವ ಪಾಸ್‌ಬುಕ್ಕು ಹಿಡಿದೇ ಕೂತಿದ್ದಳು. ಹೆಂಚು ಹೊದಿಸಲು ಕೂಡಿಟ್ಟ ಹಣ ಬ್ಯಾಂಕಿನಲ್ಲೇ ಸಿಕ್ಕಿಕೊಂಡಿತ್ತು, ಮಳೆಗಾಲ ಹತ್ತಿರವಿತ್ತು. ‘ಉಳಿಸಬೇಕು’ ಎಂಬಲ್ಲಿ ಅವಳು ಹೇಳಿದಂತೆ ಗುರುತು ಹಾಕಿ ಎದ್ದೆ.

“ನನ್ನ ಹೆಸರು ಬರಕೋರಿ ಅಕ್ಕಾರ.”

“ಬರಿಯೂ ಹಂಗಿಲ್ಲ, ಯವ್ವಾ. ಯಾರು ಹೇಳಿದ್ರು ಅಂತ ಗೊತ್ತಾಗಬಾರದು.”

ಅವಳು ಗಾಬರಿಯಾದಳು. “ಗೊತ್ತಾಗದಿದ್ರ ಸರಕಾರ ರೊಕ್ಕ ಯಾರ ಕೈಯಾಗ ಕೊಡತೈತ್ರಿ?”

“ಇದು ಅರ್ಜಿ ಅಲ್ಲ, ಬರೇ ಅಭಿಪ್ರಾಯ.”

“ಅಭಿಪ್ರಾಯ ಹೊದಿಸಿದ್ರ ಮನಿ ಸೋರೂದು ನಿಲ್ಲತೈತೇನ್ರಿ?”

ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರೂ ಪಾಸ್‌ಬುಕ್ಕು ತಂದು ನನ್ನನ್ನು ಸುತ್ತುವರಿದರು. ಹೆಸರು ಬರೆಯದೆ ಬಿಡುವಂತೆ ಕಾಣಲಿಲ್ಲ. ಕೊನೆಗೆ ನನ್ನ ಸ್ವಂತ ನೋಟ್‌ಬುಕ್ಕು ತೆಗೆದು ಎಲ್ಲರ ಹೆಸರು, ಖಾತೆ ನಂಬರು ಬರೆದುಕೊಂಡೆ. “ಇದು ನನ್ನ ಮನಿ ಬಿಟ್ಟು ಎಲ್ಲಿಗೂ ಹೋಗೂದಿಲ್ಲ” ಎಂದು ಮೂರು ಸಲ ಹೇಳಿದೆ. ಆದರೂ ಗಂಗವ್ವ ನಿರಾಳವಾಗಿ ಚಹಾ ಕೊಟ್ಟಳು.

ಮುಂಡಗೋಡಿಗೆ ಬಂದು ಆ ಪಟ್ಟಿಯನ್ನು ಮತ್ತೆ ಓದಿದೆ. ಅದೇ ಬ್ಯಾಂಕಿನಲ್ಲಿ ನನ್ನ ಠೇವಣಿಯೂ ಇತ್ತು. ಅದನ್ನು ಸೊಸೆಯಂದಿರಿಗೂ ಹೇಳಿರಲಿಲ್ಲ. ಆ ನೋಟ್‌ಬುಕ್ಕು ಎಲ್ಲಿಗೂ ಹೋಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಕೊನೆಯ ಸಾಲಿನಲ್ಲಿ ನನ್ನ ಹೆಸರನ್ನು ದುಂಡಗೆ ಬರೆದೆ. ಮುಂದೆ ಬಿ.ಎ. ಎಂದೂ ಸೇರಿಸಿದೆ.