ಗೊರಿಲ್ಲಾ ಬುರುಡೆ, ಗೋಡೆಯ ಹಸಿರು

ಜಯನಗರದ ಒಂದು ಹೈಸ್ಕೂಲಿನ ಲ್ಯಾಬಿನಲ್ಲಿ ಸಂಜೀವಯ್ಯ ಇಪ್ಪತ್ತಾರು ವರ್ಷದಿಂದ ಅಟೆಂಡರ್. ಅಲ್ಲಿರುವ ಗೊರಿಲ್ಲಾ ಬುರುಡೆ ಬರೀ ಪ್ಲಾಸ್ಟರಿನದು, ಆದರೂ ದಿನಾ ಬೆಳಿಗ್ಗೆ ಅದನ್ನು ಒರೆಸದೆ ಅವನು ಕಾಫಿ ಮುಟ್ಟುತ್ತಿರಲಿಲ್ಲ. ಜರಗನಹಳ್ಳಿಯ ಅವನ ಮನೆಯಲ್ಲಿ ಹುಣ್ಣಿಮೆಯ ಬುದ್ಧ ವಂದನೆಗೆ ಬಂದವರೆಲ್ಲ ಒಂದೇ ಚಾಪೆಯ ಮೇಲೆ ಕೂರಬೇಕು. ಮೇಲು ಕೀಳು ಎಂದು ಬಾಯಿಬಿಟ್ಟವರಿಗೆ ಪ್ರಸಾದದ ಚರುಪೂ ಸಿಗುವುದಿಲ್ಲ. ಇಂಥ ಮನುಷ್ಯ ಮಾಡಿದ ಕೆಲಸ ಕೇಳಿ.

ಇನ್‌ಸ್ಪೆಕ್ಷನ್ ಎಂದರೆ ನಮ್ಮ ಶಾಲೆಗಳಲ್ಲಿ ಪಾಠಕ್ಕಿಂತ ಮೊದಲು ಗೋಡೆ ತೊಳೆಯುತ್ತಾರೆ. ಅಂಥದೊಂದು ಇನ್‌ಸ್ಪೆಕ್ಷನ್ನಿನ ಹಿಂದಿನ ಸಂಜೆ ಸಂಜೀವಯ್ಯ ಬ್ಲೀಚಿಂಗ್ ಪುಡಿ ಕಲಸಿ, ಲ್ಯಾಬಿನ ಹಿಂದೆ ನಲ್ಲಿಯ ಪಕ್ಕದ ಗೋಡೆಗೆ ಅಂಟಿದ್ದ ಹಸಿರನ್ನು ತಂತಿ ಬ್ರಷ್ಷಿನಿಂದ ಕೆರೆದು ಹಾಕಿದ. ಪಾಚಿ ಎಂದುಕೊಂಡ. ಅದು ಲಿವರ್‌ವರ್ಟ್. ಬೇರಿಲ್ಲದ, ಹೂವಿಲ್ಲದ, ಅಂಟಿಕೊಂಡೇ ಬದುಕುವ ಪುಟ್ಟ ಸಸ್ಯ. ಒಂಬತ್ತನೇ ಕ್ಲಾಸಿನ ಐಶ್ವರ್ಯ ಅದನ್ನು ವಿಜ್ಞಾನ ಪ್ರದರ್ಶನಕ್ಕೆಂದು ಮಳೆಗಾಲವಿಡೀ ಕಾಪಾಡಿದ್ದಳು. ಅವಳ ವಿಷಯ: ಗೊರಿಲ್ಲಾ ಮತ್ತು ಲಿವರ್‌ವರ್ಟ್, ಯಾವುದು ಮೇಲು? ಆ ಗೋಡೆ ಮುಟ್ಟಬೇಡಿ ಎಂದು ವಿಜ್ಞಾನದ ಟೀಚರ್ ವನಿತಾ ಮೇಡಂ ಎಲ್ಲರಿಗೂ ಹೇಳಿದ್ದರು. ಸಂಜೀವಯ್ಯನೂ ತಲೆಯಾಡಿಸಿದ್ದ, ಆಮೇಲೆ ಮರೆತಿದ್ದ.

ಮರುದಿನ ಹುಡುಗಿ ಬೋಳು ಗೋಡೆಯ ಮುಂದೆ ನಿಂತು ಅತ್ತಳು.

"ಯಾರ್ರೀ ಕೆರೆದಿದ್ದು?" ಮೇಡಂ ಗದರಿದರು.

"ಹಿಂದ್ಗಡೆ ಕ್ಲೀನ್ ಮಾಡೋದು ಅಮ್ಮಣ್ಣಿ ಅಲ್ವಾ ಮೇಡಂ," ಎಂದುಬಿಟ್ಟ ಸಂಜೀವಯ್ಯ.

ಪೂರ್ತಿ ಸುಳ್ಳೇನೂ ಅಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಕಸ ಗುಡಿಸುವ ಅಮ್ಮಣ್ಣಿ ಎಲ್ಲರ ಮುಂದೆ ಬೈಸಿಕೊಂಡಳು. ಅಲ್ಲಿಂದ ಅವನಿಗೆ ನಾಚಿಕೆ ಶುರುವಾಯಿತು. ಊಟದ ಡಬ್ಬಿ ಬಿಚ್ಚಲು ಅವಳಿಲ್ಲದ ಜಾಗ ಹುಡುಕಿದ. ಹುಣ್ಣಿಮೆ ಬಂದಾಗ ತನ್ನದೇ ಮನೆಯ ಚಾಪೆಯ ಮೇಲೆ ಕೂರಲು ಮೈ ಹಿಡಿಯಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವನ ಮಾನ ಹೋದದ್ದು ಅಡಿಕೆಗೂ ಅಲ್ಲ, ಒಂದು ಬೈಗುಳ ತಪ್ಪಿಸಿಕೊಳ್ಳಲು.

ಪ್ರದರ್ಶನದ ದಿನ ಮೇಜಿನ ಮೇಲೆ ಬುರುಡೆ ಫಳಫಳ ಹೊಳೆಯುತ್ತಿತ್ತು, ಪಕ್ಕದ ತಟ್ಟೆ ಖಾಲಿ. ಅಷ್ಟರಲ್ಲಿ ಅಮ್ಮಣ್ಣಿ ಒದ್ದೆ ಪೇಪರಿನ ಪೊಟ್ಟಣ ಹಿಡಿದು ಬಂದಳು. ಉತ್ತರಹಳ್ಳಿಯಲ್ಲಿ ಅವಳ ಮನೆ ಹತ್ತಿರದ ಹಳೇ ಬಾವಿಕಟ್ಟೆಯಿಂದ ಮೆಲ್ಲಗೆ ಎಬ್ಬಿಸಿ ತಂದ ಹಸಿರು.

"ಇದೇ ಅಲ್ವೇನಮ್ಮಾ ನಿಂದು?"

ಐಶ್ವರ್ಯ ಕುಣಿದಾಡಿ ಅದನ್ನು ತಟ್ಟೆಯಲ್ಲಿಟ್ಟಳು. ನೋಡಲು ಬಂದಿದ್ದ ಪೋಷಕರೊಬ್ಬರು, "ಕೊನೆಗೆ ಯಾವುದಮ್ಮ ಮೇಲು?" ಎಂದು ಕೇಳಿದರು.

"ಒಂದಕ್ಕೆ ಮಿದುಳಿದೆ, ಇನ್ನೊಂದಕ್ಕೆ ಬೇರೂ ಇಲ್ಲ ಅಂಕಲ್. ಆದ್ರೆ ಎರಡೂ ಒಂದೇ ಮೂಲದಿಂದ ಹೊರಟು, ಅಷ್ಟೇ ಕಾಲ ಬದುಕ್ಕೊಂಡು ಬಂದಿವೆ. ಮೇಲು ಕೀಳು ಅಂತೇನಿಲ್ಲ."

ತನ್ನ ಮನೆಯ ಮಾತು ಆ ಮಗುವಿನ ಬಾಯಲ್ಲಿ ಬಂದಾಗ ಸಂಜೀವಯ್ಯನಿಗೆ ತಡೆಯಲಾಗಲಿಲ್ಲ.

"ಮೇಡಂ, ಅವತ್ತು ಕೆರೆದಿದ್ದು ನಾನು. ಅಮ್ಮಣ್ಣಿ ಅಲ್ಲ."

ವನಿತಾ ಮೇಡಂ ಅಮ್ಮಣ್ಣಿಯ ಕಡೆ ತಿರುಗಿದರು.

"ನಂಗೆ ಗೊತ್ತಿತ್ತು ಮೇಡಂ. ಅವತ್ತು ಈ ಅಣ್ಣನ ಪ್ಯಾಂಟ್ ಮೇಲೆಲ್ಲ ಬ್ಲೀಚಿಂಗ್ ಕಲೆ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ನನ್ನ ಕೇಳ್ಲೇ ಇಲ್ವಲ್ಲ," ಎಂದಳು ಅಮ್ಮಣ್ಣಿ. ಆಮೇಲೆ ಸಂಜೀವಯ್ಯನನ್ನು ನೋಡಿ, "ಅಣ್ಣ ಹೇಳ್ತಾರೆ ಅಂತ ದಿನಾ ಕಾಯ್ತಿದ್ದೆ," ಎಂದು ಪೊರಕೆ ಎತ್ತಿಕೊಂಡು ಹೊರಟಳು.